ಲೀಟರ್ ಅಂದರೆ ಎಷ್ಟು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ನಾನೇ ಫೋನ್ ಮಾಡಿ ಬದಲಿಸಿಕೊಂಡೆ. ಉದ್ಯೋಗಾವಕಾಶದ ಬಗ್ಗೆ ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ಹೇಳುವವರು ಸಾಕಷ್ಟು ಜನ ಇದ್ದಾರೆ. ಈ ಶಾಲೆಯಲ್ಲಿ ಕಲಿತ ಒಂದು ಚಿಕ್ಕ ಸೂತ್ರ ಇವತ್ತಿಗೂ ನನ್ನ ಕೆಲಸದಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಅದರ ಬಗ್ಗೆ ಮಾತಾಡುತ್ತೇನೆ. ಸೂತ್ರ ಹೇಳಿಕೊಟ್ಟ ಗುರುಗಳು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ತಮ್ಮ ಹೆಸರು ಹೇಳಬಾರದೆಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾರೆ, ಆದ್ದರಿಂದ ಹೇಳುವುದಿಲ್ಲ.

ಸೂತ್ರ ಇಷ್ಟೇ. ಸಾಂದ್ರತೆ ಅಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದಾಗ ಬರುವುದು. ತಿರುಗಿಸಿ ಹೇಳಿದರೆ, ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ದ್ರವ್ಯರಾಶಿ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಇದು ನಮ್ಮ ತಾಯಂದಿರಿಗೆ ಪುಸ್ತಕವಿಲ್ಲದೆ ಗೊತ್ತು. ಒಂದು ಸೇರು ಬಿಳಿಜೋಳ, ಒಂದು ಸೇರು ಚುರಮುರಿ. ಸೇರು ಅದೇ, ತೂಕ ಬೇರೆ. ಗಿರಮಿಟ್ ಮಾಡುವವರು ಚುರಮುರಿಯನ್ನು ಸೇರಿನಲ್ಲಿ ಕೊಂಡರೆ ಒತ್ತಿ ತುಂಬಿಸಿಕೊಳ್ಳುತ್ತಾರೆ, ಕಿಲೋದಲ್ಲಿ ಕೊಂಡರೆ ಒತ್ತುವ ಮಾತೇ ಇಲ್ಲ. ಅಮರಗೋಳದ ಎ.ಪಿ.ಎಂ.ಸಿ.ಗೆ ಹೋದರೆ ಎಲ್ಲವೂ ಕ್ವಿಂಟಲ್. ಅಲ್ಲಿ ಚೀಲ ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. (ಅಲ್ಲಿನ ತಕರಾರು ಬೇರೆ, ಹಸಿ ಎಷ್ಟು ಎಂಬುದು. ಅದು ಇನ್ನೊಂದು ಭಾಷಣಕ್ಕಾಗುವಷ್ಟಿದೆ.)

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರಲ್ಲ, ಅದೂ ಇದೇ ಸೂತ್ರದ ಉಪಕರಣ. ನೀರು ಬೆರೆಸಿದರೆ ಲೀಟರ್ ಹೆಚ್ಚಾಗುತ್ತದೆ, ಸಾಂದ್ರತೆ ಇಳಿಯುತ್ತದೆ, ಕಡ್ಡಿ ಮುಳುಗುತ್ತದೆ.

ಚುರಮುರಿಯನ್ನು ಕೈಯಿಂದ ಒತ್ತಿದರೆ ಕಾಣುತ್ತದೆ. ದ್ರವಗಳನ್ನು ಒತ್ತಿ ಸಡಿಲಿಸುವುದು ಬಿಸಿಲು ಮತ್ತು ಚಳಿ, ಅದು ಕಾಣುವುದಿಲ್ಲ. ಅಡುಗೆ ಎಣ್ಣೆಯ ಪಾಕೀಟಿನ ಒಂದು ಪ್ರಕರಣ ಹೇಳುತ್ತೇನೆ. ಕೆಲವು ಕಂಪನಿಗಳು ಪಾಕೀಟಿನ ಮೇಲೆ ಒಂದು ಲೀಟರ್ ಎಂದು ದೊಡ್ಡದಾಗಿ ಬರೆದು, ಜೊತೆಗೆ ಅದು 60 ಡಿಗ್ರಿ ಉಷ್ಣತೆಯಲ್ಲಿನ ಅಳತೆ ಎಂದು ಬರೆಯುತ್ತಿದ್ದವು. ಸೋಯಾಬೀನ್ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ. ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ಅದೇ ಲೀಟರಿನಲ್ಲಿ ಕಡಿಮೆ ಎಣ್ಣೆ ಕೂಡುತ್ತದೆ. ನಮ್ಮ ಅಡುಗೆಮನೆಯಲ್ಲಿ ಪಾಕೀಟು ಕತ್ತರಿಸುವಾಗ ಯಾರ ಎಣ್ಣೆಯೂ 60 ಡಿಗ್ರಿ ಇರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೀಗೆ ಉಷ್ಣತೆ ಬರೆಯುವುದನ್ನು ಬಿಡಬೇಕು, ಲೀಟರಿನ ಜೊತೆ ಸರಿಯಾದ ತೂಕವನ್ನೂ ಬರೆಯಬೇಕು ಎಂದು ಸೂಚನೆ ಹೊರಡಿಸಿತು. ಪಾಕೀಟಿಗೆ 26 ಗ್ರಾಂ. ಒಂದು ಮನೆಗೆ ಚಿಲ್ಲರೆ, ದೇಶಕ್ಕೆ ಲೆಕ್ಕ ಹಾಕಿದರೆ ಟ್ಯಾಂಕರ್‌ಗಳು.

ಈಗ ನನ್ನ ವಿಷಯವಾದ ಇಂಧನಕ್ಕೆ ಬರುತ್ತೇನೆ. ಪೆಟ್ರೋಲ್, ಡೀಸೆಲ್ ನಮಗೆ ಲೀಟರಿನಲ್ಲಿ ಸಿಗುತ್ತವೆ. ಮನೆಯ ಸಿಲಿಂಡರ್ 14.2 ಕಿಲೋ. ಹುಬ್ಬಳ್ಳಿಯ ಆಟೋದವರು ಹಾಕಿಸುವ ಸಿ.ಎನ್.ಜಿ. ಕಿಲೋ ಲೆಕ್ಕ. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಪೈಪಿನಲ್ಲಿ ಬರುವ ಅಡುಗೆ ಅನಿಲದ ಬಿಲ್ಲು ಘನ ಮೀಟರಿನಲ್ಲಿ. ಒಂದೇ ಊರಿನಲ್ಲಿ ಮೂರು ಅಳತೆ. ಅನಿಲವನ್ನು ಎಷ್ಟು ಬೇಕಾದರೂ ಒತ್ತಿ ತುಂಬಬಹುದು, ಆದ್ದರಿಂದ 200 ಪಟ್ಟು ಒತ್ತಡದಲ್ಲಿ ತುಂಬುವ ಸಿ.ಎನ್.ಜಿ.ಗೆ ಲೀಟರ್ ಎಂಬ ಮಾತಿಗೆ ಅರ್ಥವಿಲ್ಲ. ಆ ಪಂಪಿನ ಒಳಗಿರುವ ಮೀಟರ್ ಹರಿಯುವ ಅನಿಲದ ದ್ರವ್ಯರಾಶಿಯನ್ನೇ ನೇರವಾಗಿ ಅಳೆಯುತ್ತದೆ. ನಡುಗುವ ಕೊಳವೆಯಲ್ಲಿ ಅನಿಲ ಹರಿದಾಗ ಕೊಳವೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಭಾರ ಹೆಚ್ಚು ಹರಿದಷ್ಟೂ ತಿರುಚು ಹೆಚ್ಚು. ಫ್ರಾನ್ಸಿನ ಕೊರಿಯೊಲಿಸ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಅದನ್ನು ಕೊರಿಯೊಲಿಸ್ ಮೀಟರ್ ಎನ್ನುತ್ತಾರೆ. ದುಬಾರಿ ಸಾಮಾನು. ಹಾಗಾಗಿ ಪೆಟ್ರೋಲ್, ಡೀಸೆಲ್‌ಗೆ ಸಾಮಾನ್ಯವಾಗಿ ಅಗ್ಗದ ಮೀಟರ್. ಅದು ಲೀಟರ್ ಎಣಿಸುತ್ತದೆ ಅಷ್ಟೇ.

ಪೆಟ್ರೋಲ್ ಪ್ರತಿ ಡಿಗ್ರಿಗೆ ಸಾವಿರ ಲೀಟರಿಗೆ ಸುಮಾರು 1.2 ಲೀಟರ್ ಹಿಗ್ಗುತ್ತದೆ. ಡೀಸೆಲ್ ಸುಮಾರು 0.8 ಲೀಟರ್. ಕೇಳಲು ಏನೂ ಅಲ್ಲ. ಆದರೆ ಎಂಜಿನ್ನಿಗೆ ಬೇಕಾದದ್ದು ಲೀಟರ್ ಅಲ್ಲ, ತೂಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ಕಿಲೋಗೆ ಕಿಲೋ. ಈಗಿನ ಅನೇಕ ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರ್ ಒಳಗೆ ಬರುವ ಗಾಳಿಯ ದ್ರವ್ಯರಾಶಿಯನ್ನು ಮೊದಲು ತಿಳಿದುಕೊಳ್ಳುತ್ತದೆ. ಸೆಕೆಂಡಿಗೆ 10 ಗ್ರಾಂ ಗಾಳಿ ಬಂತು ಅಂದುಕೊಳ್ಳಿ. 14.7ರಿಂದ ಭಾಗಿಸಿದರೆ ಸೆಕೆಂಡಿಗೆ 0.68 ಗ್ರಾಂ ಪೆಟ್ರೋಲ್, ಗಂಟೆಗೆ ಸುಮಾರು 2.45 ಕಿಲೋ. ಪೆಟ್ರೋಲಿನ ಸಾಂದ್ರತೆ ಲೀಟರಿಗೆ 0.74 ಕಿಲೋ ಎಂದು ಹಿಡಿದರೆ ಗಂಟೆಗೆ 3.3 ಲೀಟರ್. ಮೀಟರ್ ಫಲಕದ ಮೇಲೆ ಮೈಲೇಜು ಎಂದು ಕಾಣುವ ಅಂಕಿ ಹುಟ್ಟುವುದು ಇಂಥ ಲೆಕ್ಕದಿಂದ. ಯಂತ್ರ ಯೋಚಿಸುವುದು ಗ್ರಾಂನಲ್ಲಿ, ನಮಗೆ ಹೇಳುವುದು ಲೀಟರಿನಲ್ಲಿ.

ನಾನು ಬಿ.ಇ. ಓದಿದ್ದು ಮೆಕ್ಯಾನಿಕಲ್. ಅಲ್ಲಿ ಎಂಜಿನ್ ಪ್ರಯೋಗಶಾಲೆಯಲ್ಲಿ ಗಾಜಿನ ಬ್ಯೂರೆಟ್ ಇರುತ್ತದೆ. 10 ಮಿಲಿಲೀಟರ್ ಡೀಸೆಲ್ ಖರ್ಚಾಗಲು ಎಷ್ಟು ಸೆಕೆಂಡ್ ಎಂದು ಗಡಿಯಾರ ಹಿಡಿದು ನೋಡಬೇಕು. 24 ಸೆಕೆಂಡ್ ಆಯಿತು ಅಂದರೆ, 10ನ್ನು 0.83ರಿಂದ ಗುಣಿಸಿ 8.3 ಗ್ರಾಂ, 24ರಿಂದ ಭಾಗಿಸಿ 3600ರಿಂದ ಗುಣಿಸಿದರೆ ಗಂಟೆಗೆ 1,245 ಗ್ರಾಂ. ಗಾತ್ರದ ಹರಿವನ್ನು ದ್ರವ್ಯರಾಶಿಯ ಹರಿವಾಗಿ ಬದಲಿಸುವುದು ಅಂದರೆ ಇದೇ. ಒಂಬತ್ತನೇ ತರಗತಿಯ ಸೂತ್ರಕ್ಕೆ ಒಂದು ಗಡಿಯಾರ ಸೇರಿಸಿದಂತೆ. ಅಲ್ಲಿ ಎಲ್ಲರೂ 0.83 ಎಂದು ಕಣ್ಣು ಮುಚ್ಚಿ ಹಾಕುತ್ತಿದ್ದೆವು. ಪ್ರಯೋಗಶಾಲೆಯಲ್ಲಿ ಅದು ನಡೆಯುತ್ತದೆ.

ಹೊರಗೆ ಯಾವಾಗಲೂ ನಡೆಯುವುದಿಲ್ಲ. ನಾನು ಈ ವಿಷಯ ಆರಿಸಿಕೊಂಡ ಕಾರಣಕ್ಕೆ ಈಗ ಬಂದೆ.

ನಮ್ಮ ಕಂಪನಿಯ ಕೆಲಸ, ರಸ್ತೆ ಮತ್ತು ಗಣಿ ಕೆಲಸದ ದೊಡ್ಡ ಯಂತ್ರಗಳಿಂದ ಬರುವ ಮಾಹಿತಿಯನ್ನು ಓದಿ ಮಾಲೀಕರಿಗೆ ಪರದೆಯ ಮೇಲೆ ತೋರಿಸುವುದು. ಕೆಲವು ವರ್ಷಗಳ ಹಿಂದೆ ಒಬ್ಬ ಗುತ್ತಿಗೆದಾರರು ನಮ್ಮ ಗ್ರಾಹಕರಾಗಿ ಬಂದರು. ಅವರ ಮಣ್ಣು ಅಗೆಯುವ ಯಂತ್ರಗಳಿಗೆ ಅದಕ್ಕೂ ಮೊದಲೇ ಬೇರೆ ಯಾರೋ ಡೀಸೆಲ್ ಮೀಟರ್ ಕೂಡಿಸಿದ್ದರು. ಮೀಟರ್ ಹೇಳುವ ಖರ್ಚಿಗೂ ಸಂಜೆ ಟ್ಯಾಂಕ್ ಪೂರ್ತಿ ತುಂಬಿಸುವಾಗ ಹಿಡಿಯುವ ಡೀಸೆಲಿಗೂ ದಿನಾ 15 ಲೀಟರ್ ಆಸುಪಾಸು ವ್ಯತ್ಯಾಸ. ಅಂದರೆ ದಿನಕ್ಕೆ 1,300 ರೂಪಾಯಿಗೂ ಹೆಚ್ಚು. ತೀರ್ಮಾನ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆಪರೇಟರ್ ಡೀಸೆಲ್ ಕದಿಯುತ್ತಿದ್ದಾನೆ. ಪಗಾರದಲ್ಲಿ ಮುರಿದುಕೊಂಡರು. ಒಬ್ಬನನ್ನು ಬಿಡಿಸಿ ಇನ್ನೊಬ್ಬನನ್ನು ಹಾಕಿದರು. ಕೊರತೆ ಹಾಗೇ ಉಳಿಯಿತು. ಆಪರೇಟರ್ ಬದಲಾದರೂ ಕಳುವು ನಿಲ್ಲದಿದ್ದರೆ ಮೀಟರ್ ಮೇಲೆ ಅನುಮಾನ ಬರಬೇಕಿತ್ತು. ಬಂದ ಅನುಮಾನ, ಎಲ್ಲರೂ ಕಳ್ಳರೇ ಎಂಬುದು.

ನಾನು ಆ ಜಾಗಕ್ಕೆ ಹೋದಾಗ ಎರಡನೇ ಆಪರೇಟರ್ ಸಿಕ್ಕರು. ನಮ್ಮ ಕಡೆಯವರೇ, ಮಾತಿನಲ್ಲಿ ಗೊತ್ತಾಯಿತು. ಅವರು ಹೇಳಿದ್ದು ಇಷ್ಟು: “ಸಾಹೇಬ್ರ, ನಾ ಡಿಸೇಲ್ ಮುಟ್ಟಿಲ್ಲ. ಆದ್ರ ಈ ಮಷಿನ್ ಹೇಳೂದರ ಮುಂದ ನನ್ನ ಮಾತ ಯಾರ ಕೇಳ್ತಾರ?” ಆಮೇಲೆ ಇನ್ನೊಂದು ಮಾತು ಸೇರಿಸಿದರು, ಅದು ಬಹಳ ಉಪಯೋಗಕ್ಕೆ ಬಂತು: “ಮುಂಜಾನೆ ಎರಡ ತಾಸ ಲೆಕ್ಕ ಬರೋಬ್ಬರಿ ಇರತೈತಿ. ಬಿಸಲ ಏರಿತಂದ್ರ ತಪ್ಪತೈತಿ.”

ಡೀಸೆಲ್ ಎಂಜಿನ್ನಿಗೆ ಒಂದು ಗುಣವಿದೆ. ಟ್ಯಾಂಕಿನಿಂದ ಪಂಪು ಎಳೆಯುವ ಡೀಸೆಲ್ ಎಲ್ಲ ಉರಿಯುವುದಿಲ್ಲ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಎಳೆದು, ಉರಿದು ಮಿಕ್ಕದ್ದನ್ನು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಹೀಗೆ ಸುತ್ತಿ ಬರುವ ಡೀಸೆಲ್ ಇಂಜೆಕ್ಟರ್‌ಗಳನ್ನು ತಂಪು ಮಾಡುತ್ತದೆ, ತಾನು ಬಿಸಿಯಾಗುತ್ತದೆ. ಆದ್ದರಿಂದ ಖರ್ಚು ತಿಳಿಯಲು ಎರಡು ಮೀಟರ್ ಬೇಕು. ಹೋಗುವ ಪೈಪಿಗೆ ಒಂದು, ವಾಪಸ್ ಬರುವ ಪೈಪಿಗೆ ಒಂದು. ಹೋದದ್ದರಲ್ಲಿ ಬಂದದ್ದನ್ನು ಕಳೆದರೆ ಉರಿದದ್ದು. ಆ ಯಂತ್ರದ ಮೀಟರುಗಳೂ ಹೀಗೇ ಇದ್ದವು, ಕಳೆಯುತ್ತಿದ್ದುದು ಮಾತ್ರ ಲೀಟರಿನಲ್ಲಿ ಲೀಟರನ್ನು.

ಲೆಕ್ಕ ಸುಲಭವಾಗಲೆಂದು ದುಂಡಾದ ಅಂಕಿ ಹಿಡಿಯೋಣ. ಗಂಟೆಗೆ 120 ಲೀಟರ್ ಹೋಗುತ್ತದೆ, 40 ಡಿಗ್ರಿಯಲ್ಲಿ. 100 ಲೀಟರ್ ವಾಪಸ್ ಬರುತ್ತದೆ, 60 ಡಿಗ್ರಿಯಲ್ಲಿ. ಮೀಟರ್ ಹೇಳುವ ಖರ್ಚು 20 ಲೀಟರ್. ಆದರೆ ಹೋದ ಲೀಟರ್ ಮತ್ತು ಬಂದ ಲೀಟರ್ ಒಂದೇ ಅಲ್ಲ. 15 ಡಿಗ್ರಿಯಲ್ಲಿ ಲೀಟರಿಗೆ 835 ಗ್ರಾಂ ಇರುವ ಡೀಸೆಲ್ ಡಿಗ್ರಿಗೆ ಸುಮಾರು 0.7 ಗ್ರಾಂ ಹಗುರಾಗುತ್ತ ಹೋಗುತ್ತದೆ. 40 ಡಿಗ್ರಿಯಲ್ಲಿ 817.5 ಗ್ರಾಂ, 60 ಡಿಗ್ರಿಯಲ್ಲಿ 803.5 ಗ್ರಾಂ. ಈಗ ಒಂದೊಂದನ್ನೂ ಅದರದರ ಸಾಂದ್ರತೆಯಿಂದ ಗುಣಿಸಿ. ಹೋದದ್ದು 98.1 ಕಿಲೋ. ಬಂದದ್ದು 80.35 ಕಿಲೋ. ಉರಿದದ್ದು 17.75 ಕಿಲೋ. ಹತ್ತು ತಾಸಿಗೆ 177.5 ಕಿಲೋ. ಸಂಜೆ 30 ಡಿಗ್ರಿಯ ಡೀಸೆಲ್ ತಂದು ಆ ಜಾಗ ತುಂಬಿಸಬೇಕಾದರೆ, ಲೀಟರಿಗೆ 824.5 ಗ್ರಾಂನಂತೆ, 215 ಲೀಟರ್ ಬೇಕು. ಮೀಟರಿನ ಪ್ರಕಾರ 200. ನಡುವಿನ 15 ಲೀಟರ್ ಯಾರೂ ಕದ್ದದ್ದಲ್ಲ. ಎಂಜಿನ್ ಉರಿಸಿದ್ದು.

ವಾಪಸ್ ಪೈಪಿನಲ್ಲಿ ಡೀಸೆಲ್ ಹಿಗ್ಗಿದ್ದು ಶೇಕಡಾ ಎರಡೂ ಇಲ್ಲ. ಆದರೆ 120ರಲ್ಲಿ 100ನ್ನು ಕಳೆದಾಗ ಉಳಿಯುವುದು ಚಿಕ್ಕ ಅಂಕಿ. ದೊಡ್ಡ ಅಂಕಿಯ ಸಣ್ಣ ದೋಷ ಪೂರ್ತಿಯಾಗಿ ಆ ಚಿಕ್ಕ ಅಂಕಿಯ ತಲೆಗೆ ಬಂದು ಕೂಡುತ್ತದೆ. ಶೇಕಡಾ ಎರಡಕ್ಕಿಂತ ಕಡಿಮೆ ಇದ್ದದ್ದು ಶೇಕಡಾ ಏಳಾಗುತ್ತದೆ. ಮುಂಜಾನೆ ಎರಡು ತಾಸು ಲೆಕ್ಕ ಸರಿ ಇದ್ದುದಕ್ಕೂ ಕಾರಣ ಇದೇ. ಎಂಜಿನ್ ಇನ್ನೂ ಪೂರ್ತಿ ಕಾದಿರುವುದಿಲ್ಲ, ಎರಡೂ ಪೈಪಿನ ಉಷ್ಣತೆ ಹತ್ತಿರ ಹತ್ತಿರ ಇರುತ್ತದೆ.

ಪರಿಹಾರ ದೊಡ್ಡದೇನಲ್ಲ. ಎರಡೂ ಪೈಪಿಗೆ ಒಂದೊಂದು ಉಷ್ಣತಾಮಾಪಕ ಕೂಡಿಸಿ, ಸಾಫ್ಟ್‌ವೇರಿನಲ್ಲಿ ಮೊದಲು ಕಿಲೋ ಮಾಡಿ ಆಮೇಲೆ ಕಳೆಯುವಂತೆ ಬರೆದೆವು. ನಾಲ್ಕೈದು ಸಾಲಿನ ಪ್ರೋಗ್ರಾಂ. ಕೊರತೆ ಒಂದು-ಒಂದೂವರೆ ಲೀಟರಿಗೆ ಇಳಿಯಿತು. ಅಷ್ಟು ತುಂಬಿಸುವಾಗ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಗುತ್ತಿಗೆದಾರರು ಲೆಕ್ಕ ನೋಡಿ ಒಪ್ಪಿಕೊಂಡರು, ಮುರಿದುಕೊಂಡ ಹಣ ವಾಪಸ್ ಕೊಟ್ಟರು. ಅದನ್ನೂ ಹೇಳಬೇಕು. ಆದರೆ ಕೊಟ್ಟದ್ದು ಎರಡನೆಯ ಆಪರೇಟರಿಗೆ. ಮೊದಲನೆಯವನನ್ನು ಹುಡುಕಿದರೆ ಫೋನ್ ನಂಬರು ಬದಲಾಗಿತ್ತು. ಕಳ್ಳ ಎನ್ನಿಸಿಕೊಂಡು ಹೋದ ಮನುಷ್ಯನಿಗೆ ತಾನು ಕಳ್ಳನಲ್ಲ ಎಂದು ಲೆಕ್ಕ ಸಿದ್ಧವಾಗಿರುವುದು ಇವತ್ತಿಗೂ ಗೊತ್ತಿಲ್ಲ. ಈ ಸಭೆಯಲ್ಲಿ ಲಾರಿ, ಜೆಸಿಬಿ, ಟ್ರ್ಯಾಕ್ಟರ್ ಓಡಿಸುವವರು ಇದ್ದೀರಿ, ಅವನ್ನು ಇಟ್ಟುಕೊಂಡ ಮಾಲೀಕರೂ ಇದ್ದೀರಿ. ಪರದೆಯ ಮೇಲಿನ ಅಂಕಿ ನೋಡಿ ಜಗಳ ಶುರು ಮಾಡುವ ಮೊದಲು, ಆ ಲೀಟರ್ ಎಷ್ಟು ಡಿಗ್ರಿಯ ಲೀಟರ್ ಎಂದು ಮೀಟರ್ ಕೂಡಿಸಿದವನನ್ನು ಕೇಳಿ. ಉತ್ತರ ಬರದಿದ್ದರೆ ಅಂಕಿಯನ್ನು ಪಕ್ಕಕ್ಕಿಡಿ.

ಇದು ಪಗಾರದ ಮಾತಾಯಿತು. ಪ್ರಾಣಕ್ಕೆ ಬಂದದ್ದೂ ಇದೆ. ವಿಮಾನದಲ್ಲಿ ಪೈಲಟ್ ಇಂಧನವನ್ನು ತೂಕದಲ್ಲಿ ಲೆಕ್ಕ ಹಾಕುತ್ತಾನೆ, ಟ್ಯಾಂಕರ್ ಲೀಟರಿನಲ್ಲಿ ತುಂಬಿಸುತ್ತದೆ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನ ತೋರಿಸುವ ಮಾಪಕ ಕೆಟ್ಟಿತ್ತು, ಅಳತೆ ಕಡ್ಡಿ ಹಾಕಿ ನೋಡಿದರು. ಟ್ಯಾಂಕಿನಲ್ಲಿ 7,682 ಲೀಟರ್. ಬೇಕಾದದ್ದು 22,300 ಕಿಲೋ. ಆಗ ಆ ದೇಶ ಪೌಂಡಿನಿಂದ ಕಿಲೋಗೆ ಬದಲಾಗುತ್ತಿದ್ದ ಕಾಲ. ಲೀಟರನ್ನು 1.77ರಿಂದ ಗುಣಿಸಿದರು. ಅದು ಲೀಟರಿಗೆ ಎಷ್ಟು ಪೌಂಡ್ ಎಂಬ ಸಾಂದ್ರತೆ. ಬಂದ 13,597ನ್ನು ಕಿಲೋ ಎಂದುಕೊಂಡರು. ನಿಜಕ್ಕೂ ಇದ್ದದ್ದು ಆರು ಸಾವಿರ ಕಿಲೋ ಚಿಲ್ಲರೆ. ಇಪ್ಪತ್ತು ಸಾವಿರ ಲೀಟರ್ ಹಾಕಬೇಕಾದಲ್ಲಿ ಐದು ಸಾವಿರ ಲೀಟರೂ ಹಾಕಲಿಲ್ಲ. ಆಕಾಶದಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಗಾಳಿಪಟದಂತೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆ ಓಡುದಾರಿಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು. ಗುಣಾಕಾರದಲ್ಲಿ ಒಂದು ತಪ್ಪೂ ಇರಲಿಲ್ಲ. ಸಾಂದ್ರತೆಯ ಪಕ್ಕದಲ್ಲಿ ಬರೆಯಬೇಕಾದ ಮಾನ ಮಾತ್ರ ಬೇರೆಯಾಗಿತ್ತು. ‘ಮಾನ ಬರೆಯದಿದ್ದರೆ ಅರ್ಧ ಅಂಕ ಕಟ್’ ಎಂದು ನಮ್ಮ ಗುರುಗಳು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಾಗ ನಮಗೆ ಸಿಟ್ಟು ಬರುತ್ತಿತ್ತು.

ನಮ್ಮ ಪೆಟ್ರೋಲ್ ಬಂಕಿನ ಬಗ್ಗೆ ನಾಲ್ಕು ಮಾತು. ಬಿಲ್ಲಿನ ಮೇಲೆ ಅಥವಾ ಪಂಪಿನ ಮೇಲೆ ಸಾಂದ್ರತೆ ಎಂದು ಒಂದು ಅಂಕಿ ಇರುತ್ತದೆ, ನೋಡಿ. ಅದು 15 ಡಿಗ್ರಿಗೆ ಪರಿವರ್ತಿಸಿದ ಸಾಂದ್ರತೆ. ಬಂಕಿನಲ್ಲಿ ಲ್ಯಾಕ್ಟೋಮೀಟರಿನ ಅಣ್ಣ ಹೈಡ್ರೋಮೀಟರ್ ಇರುತ್ತದೆ, ಜೊತೆಗೆ ಉಷ್ಣತಾಮಾಪಕ ಮತ್ತು ಒಂದು ಕೋಷ್ಟಕ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ 36 ಡಿಗ್ರಿಯಲ್ಲಿ 0.725 ಬಂದರೆ 15 ಡಿಗ್ರಿಗೆ ಅದು 0.743ರ ಸುತ್ತ. ಟ್ಯಾಂಕರಿನಿಂದ ಇಳಿಸಿಕೊಂಡಾಗಿನ ಅಂಕಿಗೂ ಇವತ್ತಿನ ಅಂಕಿಗೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ಅಂತರ ಇರಬಾರದು. ಅನುಮಾನ ಬಂದರೆ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ. 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆಯನ್ನೂ ಕೇಳಬಹುದು, ಅದರಲ್ಲಿ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಮುಂಜಾನೆ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಲಾಭ ಎಂದು ಮೊಬೈಲಿನಲ್ಲಿ ಬರುತ್ತದಲ್ಲ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಬಂಕಿನ ಟ್ಯಾಂಕು ನೆಲದ ಕೆಳಗಿದೆ, ಹಗಲು ರಾತ್ರಿ ಅದರ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ. ಎರಡು ಡಿಗ್ರಿ ಬದಲಾಯಿತು ಎಂದೇ ಇಟ್ಟುಕೊಂಡರೂ 5 ಲೀಟರಿಗೆ 12 ಮಿಲಿಲೀಟರ್, ಅಂದರೆ ಎರಡೂವರೆ ಚಮಚ.

ಎಥನಾಲ್ ಬಗ್ಗೆ ಹೇಳು ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನಿಂದಲೂ ಎಥನಾಲ್ ಆಗುತ್ತದೆ, ಈಗ ಪೆಟ್ರೋಲಿನಲ್ಲಿ ಶೇಕಡಾ 20 ಅದೇ. ಇಲ್ಲಿ ತೂಕವೂ ಪೂರ್ತಿ ಕಥೆ ಹೇಳುವುದಿಲ್ಲ. ಎಥನಾಲ್ ಪೆಟ್ರೋಲಿಗಿಂತ ಸ್ವಲ್ಪ ಭಾರ. ಆದರೆ ಪೆಟ್ರೋಲ್ ಕಿಲೋಗೆ ಸುಮಾರು 43 ಮೆಗಾಜೂಲ್ ಶಾಖ ಕೊಟ್ಟರೆ ಎಥನಾಲ್ ಕೊಡುವುದು ಸುಮಾರು 27. ಗುಣಾಕಾರ ಮಾಡಿದರೆ ಮಿಶ್ರಣದ ಲೀಟರಿನಲ್ಲಿ ಶೇಕಡಾ ಆರೇಳರಷ್ಟು ಶಾಖ ಕಡಿಮೆ. ಮೈಲೇಜು ಎಷ್ಟು ಇಳಿಯುತ್ತದೆ ಎಂಬುದು ನಿಮ್ಮ ಎಂಜಿನ್ನಿನ ಮೇಲೆ ಹೋಗುತ್ತದೆ. ಕಬ್ಬು ಬೆಳೆಯುವವರೂ ಬೈಕು ಓಡಿಸುವವರೂ ಒಂದೇ ಸಭೆಯಲ್ಲಿ ಕೂತಿರುವುದರಿಂದ ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಮ್ಮ ಬ್ಯಾಚಿನವರು ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಎರಡು ಹೈಡ್ರೋಮೀಟರ್, ನಾಲ್ಕು ಉಷ್ಣತಾಮಾಪಕ ಮತ್ತು ಒಂದು ಡಿಜಿಟಲ್ ತಕ್ಕಡಿ ಕೊಟ್ಟಿದ್ದೇವೆ. ಮಕ್ಕಳೇ, ಅವುಗಳನ್ನು ಪೆಟ್ರೋಲಿಗೆ ಹಾಕಬೇಡಿ. ಶೇಂಗಾ ಎಣ್ಣೆ ಸಾಕು. ಒಂದು ಅಳತೆ ಗಾಜಿನಲ್ಲಿ ಮುಂಜಾನೆ ಒಮ್ಮೆ, ಬಿಸಿಲಿನಲ್ಲಿ ಇಟ್ಟು ಮಧ್ಯಾಹ್ನ ಒಮ್ಮೆ ಗಾತ್ರ, ತೂಕ ಎರಡನ್ನೂ ಬರೆದಿಡಿ. ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ನಾನು ಹೇಳುವುದಕ್ಕಿಂತ ನೀವೇ ನೋಡುವುದು ಒಳ್ಳೆಯದು.

ಹತ್ತನೇ ತರಗತಿಯವರಿಗೆ ಒಂದು ಲೆಕ್ಕ. 12,000 ಲೀಟರ್ ಪೆಟ್ರೋಲ್ ತುಂಬಿದ ಟ್ಯಾಂಕರ್ ಮೇ ತಿಂಗಳ ಮಧ್ಯಾಹ್ನ ಬಂಕಿಗೆ ಬರುತ್ತದೆ, ಪೆಟ್ರೋಲಿನ ಉಷ್ಣತೆ 40 ಡಿಗ್ರಿ. ನೆಲದ ಕೆಳಗಿನ ಟ್ಯಾಂಕಿಗೆ ಇಳಿದು ಎರಡು ದಿನದಲ್ಲಿ ಅದು 28 ಡಿಗ್ರಿಗೆ ಬರುತ್ತದೆ. ಒಂದು ಹನಿಯೂ ಮಾರಿಲ್ಲ, ಸೋರಿಲ್ಲ, ಆವಿಯಾಗಿಲ್ಲ. ಮಾಲೀಕ ಅಳತೆ ಕಡ್ಡಿ ಹಾಕಿ ನೋಡಿದರೆ ಎಷ್ಟು ಲೀಟರ್ ಕಡಿಮೆ ಕಾಣುತ್ತದೆ? ಅಲ್ಲಿ ಕೆಲಸ ಮಾಡುವ ಹುಡುಗ ಅದಕ್ಕೆ ಏನು ಉತ್ತರ ಕೊಡಬೇಕು? ಮಾನ ಬರೆಯಲು ಮರೆಯಬೇಡಿ. ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರ ಹತ್ತಿರ ಕೊಟ್ಟಿದ್ದೇನೆ.